ಕಟ್ಟಡ ಕೇಳಿ: ಹಳೆಯ ರಂಗಮಂದಿರದ ಮೊಗಸಾಲೆ, ಮೆಟ್ಟಿಲು, ಅಂಗಳ

ಪ್ರಶ್ನೆ: ನಮ್ಮ ಊರಿನ ರಂಗಮಂದಿರ 1960ರ ದಶಕದ್ದು. ಮೊಗಸಾಲೆಯ ಮೊಸಾಯಿಕ್ ನೆಲ ಕಪ್ಪಿಟ್ಟು, ಅಲ್ಲಲ್ಲಿ ಬಿರುಕು ಬಿಟ್ಟಿದೆ. ಅದರ ಮೇಲೆಯೇ ವಿಟ್ರಿಫೈಡ್ ಟೈಲ್ಸ್ ಹಾಸಿ, ಫಾಲ್ಸ್ ಸೀಲಿಂಗ್ ಕಟ್ಟಿಸಲು ನವೀಕರಣ ಸಮಿತಿ ಹೊರಟಿದೆ. ಇದು ಸರಿಯೇ? — ಓದುಗರು, ಹಾಸನ

ಎರಡೂ ಬೇಡ. 1961ರ ರವೀಂದ್ರನಾಥ ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ದೇಶದ ಹಲವೆಡೆ ರಂಗಮಂದಿರಗಳು ಎದ್ದವು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಅವುಗಳಲ್ಲೊಂದು. ಆ ಕಾಲದ ಕಟ್ಟಡಗಳಲ್ಲಿ ಎತ್ತರದ ಸೂರು, ಗಾಳಿಗೆ ಜಾಲರಿ ಗೋಡೆ, ಮೊಸಾಯಿಕ್ ನೆಲ ಒಟ್ಟಿಗೇ ಇರುತ್ತವೆ. ಈ ಮೂರೂ ಸೇರಿಯೇ ಮೊಗಸಾಲೆಯನ್ನು ತಂಪಾಗಿಡುವುದು. ಫಾಲ್ಸ್ ಸೀಲಿಂಗ್ ಬಂದರೆ ಮೇಲಿನ ಗವಾಕ್ಷಿಗಳು ಮುಚ್ಚಿಹೋಗುತ್ತವೆ, ಬಿಸಿಗಾಳಿ ತಲೆಯ ಮೇಲೆಯೇ ನಿಲ್ಲುತ್ತದೆ, ತಾರಸಿ ಸೋರಿದರೂ ಹಲಗೆ ಕಳಚಿ ಬೀಳುವವರೆಗೆ ಗೊತ್ತಾಗುವುದಿಲ್ಲ.

ಟೈಲ್ಸ್‌ನ ತೊಂದರೆ ಬೇರೆ ಬಗೆಯದು. ಟೈಲ್ಸ್ ಮತ್ತು ಅದರಡಿಯ ಗಾರೆ ಸೇರಿ ನೆಲ ಸುಮಾರು 30 ಮಿ.ಮೀ. ಏರುತ್ತದೆ. ಹೊರಗಿನ ಮೆಟ್ಟಿಲುಗಳೆಲ್ಲ 150 ಮಿ.ಮೀ. ಎತ್ತರದವಾದರೆ ಕೊನೆಯದೊಂದು 180 ಆಗುತ್ತದೆ. ಕಾಲು ಎಡವುವುದು ಇಂಥ ಒಂದು ಮೆಟ್ಟಿಲಲ್ಲೇ. ಬಾಗಿಲುಗಳ ಅಡಿ ಕೊಯ್ಯಬೇಕಾಗುತ್ತದೆ. ಪಾಲಿಶ್ ಆದ ನೆಲಕ್ಕೆ ಗಾರೆ ಗಟ್ಟಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಟೈಲ್ಸ್ ಕೆಲವೇ ವರ್ಷಗಳಲ್ಲಿ ಟೊಳ್ಳು ಸದ್ದು ಮಾಡುತ್ತಾ ಏಳುತ್ತವೆ.

ಹಳೆಯ ನೆಲವನ್ನೇ ಉಳಿಸಿ. ಮೊದಲು ಬಿಸಿನೀರು, ಸೌಮ್ಯ ಸೋಪಿನಿಂದ ಮೇಣ ಮತ್ತು ಜಿಡ್ಡು ತೆಗೆಯಿರಿ. ಬಾತ್‌ರೂಮ್ ತೊಳೆಯುವ ಆಸಿಡ್ ಮುಟ್ಟಿಸಲೇಬೇಡಿ, ಅದು ಅಮೃತಶಿಲೆಯ ಚೂರುಗಳನ್ನೇ ತಿನ್ನುತ್ತದೆ. ಆಮೇಲೆ ಕೋಲಿನಿಂದ ತಟ್ಟುತ್ತಾ ಹೋಗಿ ಟೊಳ್ಳಿರುವ ಕಡೆ ಸೀಮೆಸುಣ್ಣದ ಗುರುತು ಹಾಕಿ. ಬಿರುಕು ಗೋಡೆಯುದ್ದಕ್ಕೂ ಓಡಿದ್ದರೆ ತಳ ಕುಸಿದಿರಬಹುದು. ಆ ಗೋಡೆಯ ಪಕ್ಕದ ಮಳೆನೀರಿನ ಕೊಳವೆ, ಚರಂಡಿ ಪರೀಕ್ಷಿಸದೆ ತೇಪೆ ಹಾಕಿದರೆ ಹಣ ವ್ಯರ್ಥ. ಟೊಳ್ಳಾದ ಭಾಗವನ್ನು ನೇರ ಅಂಚಿನಲ್ಲಿ ಕತ್ತರಿಸಿ ತೆಗೆದು, ಹಳೆಯ ಬಣ್ಣ ಹಾಗೂ ಗಾತ್ರದ ಚೂರುಗಳನ್ನೇ ತರಿಸಿ. ಸಿಮೆಂಟಿನ ಮಿಶ್ರಣ 4 ಪಾಲಿಗೆ ಚೂರು 7 ಪಾಲು ಸಾಮಾನ್ಯ ಲೆಕ್ಕ. ಮೊದಲು 30 ಸೆಂ.ಮೀ. ಚೌಕದ ಮಾದರಿ ಮಾಡಿಸಿ, ಪೂರ್ತಿ ಒಣಗಿ ಉಜ್ಜಿದ ಮೇಲಷ್ಟೇ ಬಣ್ಣ ಒಪ್ಪಿ. ಒದ್ದೆಯಿದ್ದಾಗ ಯಾವ ಮಾದರಿಯೂ ಗಾಢವಾಗಿಯೇ ಕಾಣುತ್ತದೆ. ತೇಪೆಗೆ ಏಳು ದಿನ ನೀರುಣಿಸಿ, 60, 120, 320 ನಂಬರಿನ ಉಜ್ಜುಕಲ್ಲುಗಳಲ್ಲಿ (ನಂಬರ್ ಹೆಚ್ಚಿದಷ್ಟೂ ಕಲ್ಲು ನಯ) ಕ್ರಮವಾಗಿ ಉಜ್ಜಿಸಿ. ನಡುನಡುವೆ ಸೂಜಿರಂಧ್ರಗಳಿಗೆ ಅದೇ ಬಣ್ಣದ ಸಿಮೆಂಟ್ ಹಾಲು ತುಂಬಬೇಕು. ಕೊನೆಗೆ ಚದರ ಮೀಟರಿಗೆ 33 ಗ್ರಾಂ ಆಕ್ಸಾಲಿಕ್ ಆಸಿಡ್ ಪುಡಿ ಉದುರಿಸಿ ಪಾಲಿಶ್. ಈ ಆಸಿಡ್ ವಿಷ, ಕೆಲಸಗಾರರಿಗೆ ಕೈಗವಸು ಮತ್ತು ಮಾಸ್ಕ್ ಕೊಡದೆ ಕೆಲಸ ಶುರುಮಾಡಿಸಬೇಡಿ.

ಪ್ರಶ್ನೆ: ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ಗೆ ಹೋದಾಗ ಟಿಕೆಟ್ ಇಲ್ಲದವರೂ ಮೊಗಸಾಲೆಯಲ್ಲಿ ಓದುತ್ತಾ, ಹರಟುತ್ತಾ ಕೂತಿದ್ದರು. ಹಳೆಯ ಕಟ್ಟಡದಲ್ಲಿ ಅಷ್ಟೊಂದು ಜಾಗ ಹೇಗೆ ಸಿಕ್ಕಿತು? — ಓದುಗರು, ಲಂಡನ್

ಜಾಗ ಮೊದಲಿಂದಲೂ ಇತ್ತು. 1951ರಲ್ಲಿ ತೆರೆದ ಆ ಕಟ್ಟಡದಲ್ಲಿ ಸಭಾಂಗಣವನ್ನು ಮೇಲಕ್ಕೆತ್ತಿ, ಅದರ ಕೆಳಗೂ ಸುತ್ತಲೂ ಮೊಗಸಾಲೆ ಹರಿಯುವಂತೆ ಮಾಡಿದ್ದಾರೆ. ಪಕ್ಕದ ರೈಲು ಸೇತುವೆಯ ಸದ್ದು ಸಂಗೀತಕ್ಕೆ ತಟ್ಟದಿರಲೂ ಆ ಸುತ್ತುಜಾಗ ಬೇಕಿತ್ತು. 1983ರಿಂದ ಮೊಗಸಾಲೆಯನ್ನು ಹಗಲೆಲ್ಲ ಜನರಿಗೆ ತೆರೆದಿಟ್ಟರು. ಆದರೆ ವರ್ಷಗಳು ಉರುಳಿದಂತೆ ಕಚೇರಿಗಳೂ ಅಂಗಡಿಗಳೂ ಒಳಗೆ ನುಗ್ಗಿದ್ದವು. 2005ರಿಂದ 2007ರವರೆಗಿನ ನವೀಕರಣದಲ್ಲಿ ವಾಸ್ತುಶಿಲ್ಪಿಗಳಾದ ಆಲೈಸ್ ಅಂಡ್ ಮಾರಿಸನ್ ಮಾಡಿದ ಅತಿ ಬುದ್ಧಿವಂತಿಕೆಯ ಕೆಲಸ, ನಮ್ಮ ದೃಷ್ಟಿಯಲ್ಲಿ, ಕಚೇರಿಗಳನ್ನು ಹೊರಗೆ ಕಳಿಸಿದ್ದು: ಹಾಲ್‌ಗೂ ರೈಲುಮಾರ್ಗಕ್ಕೂ ನಡುವಿನ ಸಪೂರ ಜಾಗದಲ್ಲಿ ಉದ್ದನೆಯ ಹೊಸ ಕಟ್ಟಡ ಕಟ್ಟಿ, ಮೊಗಸಾಲೆಯನ್ನು ಜನರಿಗೆ ಮರಳಿಸಿದರು.

ನಮ್ಮ ರಂಗಮಂದಿರಗಳಲ್ಲೂ ಕೆಲಸ ಇಲ್ಲಿಂದಲೇ ಶುರುವಾಗಲಿ. ಮೂಲ ನಕ್ಷೆ ತರಿಸಿ, ಆಮೇಲೆ ಸೇರಿದ್ದಕ್ಕೆಲ್ಲ ಕೆಂಪು ಬಣ್ಣ ಹಚ್ಚಿ: ಪ್ಲೈವುಡ್ ಕೋಣೆ, ಮುರಿದ ಕುರ್ಚಿಗಳ ರಾಶಿ, ಬ್ಯಾನರ್ ಚೌಕಟ್ಟು, ಜನರೇಟರ್ ಪ್ಯಾನೆಲ್. ಹೊಸದನ್ನು ಕಟ್ಟುವ ಅರ್ಧ ಅಗತ್ಯ ಅಲ್ಲೇ ತೀರಬಹುದು.

ಪ್ರಶ್ನೆ: ಮುಂಬಾಗಿಲಿಗೆ ಆರು ಮೆಟ್ಟಿಲು, ಒಂದೊಂದು 15 ಸೆಂ.ಮೀ. ಕಟ್ಟಡದ ಅಂದ ಕೆಡದಂತೆ ರ‍್ಯಾಂಪ್ ಹಿಂಬದಿಯಲ್ಲಿ ಕಟ್ಟಬಹುದೇ? — ಓದುಗರು, ಶಿವಮೊಗ್ಗ

ಹಿಂಬದಿಯಲ್ಲಿ ಬೇಡ. ಚಕ್ರಗಾಲಿ ಕುರ್ಚಿಯಲ್ಲಿ ಬರುವವರೂ ಎಲ್ಲರೊಂದಿಗೆ ಮುಂಬಾಗಿಲಿಂದಲೇ ಒಳಬರಬೇಕು. ನಿಮ್ಮದು ಒಟ್ಟು 90 ಸೆಂ.ಮೀ. ಏರು. ಇಳಿಜಾರು 1:12ಕ್ಕಿಂತ (12 ಮೀಟರ್ ಉದ್ದಕ್ಕೆ 1 ಮೀಟರ್ ಏರು) ಕಡಿದಾಗಕೂಡದು. 1:15 ಇಟ್ಟರೆ ಸಹಾಯಕರಿಲ್ಲದೆಯೂ ಹತ್ತುವುದು ಹಗುರ. ಆಗ ಉದ್ದ 13.5 ಮೀಟರ್. ಅದನ್ನು 4.5 ಮೀಟರಿನ ಮೂರು ಓಟಗಳಾಗಿ ಒಡೆದು, ನಡುವೆ 1.5 ಮೀಟರಿನ ಸಮತಟ್ಟು ಕೊಡಿ. ಅಗಲ 1.5 ಮೀಟರ್, ಎರಡೂ ಕಡೆ 76 ಮತ್ತು 90 ಸೆಂ.ಮೀ. ಎತ್ತರದಲ್ಲಿ ರೇಲಿಂಗ್, ತುದಿಗಳಲ್ಲಿ 30 ಸೆಂ.ಮೀ. ಮುಂದಕ್ಕೆ. ಮೇಲ್ಮೈಗೆ ಫ್ಲೇಮ್ ಫಿನಿಶ್ (ಬೆಂಕಿ ತಾಗಿಸಿ ಒರಟಾಗಿಸಿದ) ಗ್ರಾನೈಟ್ ಇರಲಿ. ಪಾಲಿಶ್ ಕಲ್ಲು ಮಳೆಯಲ್ಲಿ ಜಾರುತ್ತದೆ.

ಹಳೆಯ ಗೋಡೆಗೆ ಮಣ್ಣು ತುಂಬಿ ರ‍್ಯಾಂಪ್ ಒರಗಿಸುವುದು ಗುತ್ತಿಗೆದಾರರ ಅಭ್ಯಾಸ. ಆ ಮಣ್ಣಿನ ತೇವ ಗೋಡೆಗಿಳಿದು ಒಳಗಿನ ಪ್ಲಾಸ್ಟರ್ ಉಪ್ಪೇಳುತ್ತದೆ. 25 ಮಿ.ಮೀ. ಸಂದು ಬಿಟ್ಟು ಪ್ರತ್ಯೇಕ ಕಂಬಗಳ ಮೇಲೆ ಕಟ್ಟಿಸಿ, ಮುಂದೆ ಬೇಕಾದರೆ ಕಳಚಲೂ ಬರುತ್ತದೆ.

ಪ್ರಶ್ನೆ: ವಿರಾಮದಲ್ಲಿ ಹೆಂಗಸರ ಶೌಚಾಲಯದ ಮುಂದಿನ ಸಾಲು ಕರಗುವುದೇ ಇಲ್ಲ. ಎಷ್ಟು ಬೇಕು? — ಓದುಗರು, ಧಾರವಾಡ

ಹೀಗೆ ಅಂದಾಜು ಹಾಕಿ. 600 ಆಸನ, ಅರ್ಧ ಹೆಂಗಸರು, ಅವರಲ್ಲಿ ಮೂರರಲ್ಲೊಬ್ಬರು ವಿರಾಮದಲ್ಲಿ ಎದ್ದರೆ 100 ಮಂದಿ. ಒಬ್ಬರಿಗೆ 2 ನಿಮಿಷ, ವಿರಾಮ 15 ನಿಮಿಷ ಎಂದರೆ ಒಂದು ಕೋಣೆ ಏಳು ಮಂದಿಗೆ ಸಾಕಾಗುತ್ತದೆ. ಅಂದರೆ 15 ಕೋಣೆ. ಗಂಡಸರಷ್ಟೇ ಸಂಖ್ಯೆ ಕೊಡುವ ರೂಢಿ ಅನ್ಯಾಯದ್ದು. ಬಾಗಿಲುಗಳ ಮೇಲೆ ಖಾಲಿ/ಭರ್ತಿ ತೋರಿಸುವ ಚಿಲಕ ಹಾಕಿಸಿ, ಕೈತೊಳೆಯುವ ಬೇಸಿನ್‌ಗಳನ್ನು ಸಾಲಿನ ದಾರಿಗೆ ಅಡ್ಡವಾಗದಂತೆ ಹೊರಭಾಗಕ್ಕೆ ತನ್ನಿ.

ಪ್ರಶ್ನೆ: ಅಂಗಳದ ಮಳೆಮರದ ಸುತ್ತ ಕಟ್ಟೆ ಕಟ್ಟಬಹುದೇ? — ಓದುಗರು, ಮೈಸೂರು

ಕಟ್ಟಬಹುದು, ಬುಡಕ್ಕೆ ತಾಗಿಸಿ ಮಾತ್ರ ಅಲ್ಲ. ಕಾಂಡದಿಂದ ಕನಿಷ್ಠ ಒಂದೂವರೆ ಮೀಟರ್ ಮಣ್ಣು ತೆರೆದಿರಲಿ, ಕಟ್ಟೆಯೊಳಗೆ ಹೊಸ ಮಣ್ಣು ತುಂಬಿ ಬುಡ ಮುಚ್ಚಬೇಡಿ, ತೊಗಟೆ ಕೊಳೆಯುತ್ತದೆ. ಪಾಯ ತೋಡುವಾಗ ದಪ್ಪ ಬೇರು ಸಿಕ್ಕರೆ ಕಡಿಯದೆ, ಆ ಜಾಗದಲ್ಲಿ ಕಲ್ಲಿನ ಹಾಸನ್ನು ಬೇರಿನ ಮೇಲೆ ಸೇತುವೆಯಂತೆ ದಾಟಿಸಿ. ಕೂರಲು 45 ಸೆಂ.ಮೀ. ಎತ್ತರ ಸಾಕು.