ಅಡ್ ಹಾಕ್ ಜಾಲದಲ್ಲಿ ಗುಂಪಿನ ಎಲ್ಲರಿಗೂ ದತ್ತಾಂಶ ಖಚಿತವಾಗಿ ಮುಟ್ಟಿಸುವುದು ಹೇಗೆ?

ಅಡ್ ಹಾಕ್ ಜಾಲದಲ್ಲಿ, ಅಂದರೆ ಆಕ್ಸೆಸ್ ಪಾಯಿಂಟ್ (ಎಲ್ಲರನ್ನೂ ಜೋಡಿಸುವ ಕೇಂದ್ರ ಸಾಧನ) ಇಲ್ಲದ ವೈರ್‌ಲೆಸ್ ಜಾಲದಲ್ಲಿ, ಒಂದೇ ಫೈಲನ್ನು ಗುಂಪಿನ ಎಲ್ಲ ನೋಡ್‌ಗಳಿಗೂ (ಜಾಲದ ಸಾಧನಗಳಿಗೂ) ಮುಟ್ಟಿಸಲು, ಪ್ರತಿ ಪ್ಯಾಕೆಟ್‌ಗೂ (ಫೈಲಿನ ತುಣುಕಿಗೂ) ಎಲ್ಲರಿಂದ ಸ್ವೀಕೃತಿ, ಅಂದರೆ ‘ತಲುಪಿತು’ ಎಂಬ ಉತ್ತರ, ತರಿಸಿಕೊಂಡರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು, ಅದರಿಂದ ನಷ್ಟವೇ ಹೆಚ್ಚು.

ವೈಫೈಯಲ್ಲಿ ಒಬ್ಬರಿಗೆ ಕಳಿಸಿದ ಫ್ರೇಮ್‌ಗೆ (ರೇಡಿಯೋ ರವಾನಿಸುವ ರೂಪದಲ್ಲಿರುವ ಪ್ಯಾಕೆಟ್‌ಗೆ) ಸ್ವೀಕೃತಿ ಬಾರದಿದ್ದರೆ ರೇಡಿಯೋವೇ ಅದನ್ನು ಮತ್ತೆ ಕಳಿಸುತ್ತದೆ. ಆದರೆ ವೈಫೈಯ ಮಾನದಂಡವಾದ 802.11ರ ಮೂಲ ನಿಯಮದಲ್ಲಿ ಗುಂಪಿಗೆ ಕಳಿಸಿದ ಫ್ರೇಮ್‌ಗೆ ಸ್ವೀಕೃತಿಯೂ ಇಲ್ಲ, ಮರುರವಾನೆಯೂ ಇಲ್ಲ. ಗುಂಪಿಗೆ ಕಳಿಸಲು ದಾರಿ ಹುಡುಕುವ ಒಡಿಎಂಆರ್‌ಪಿಯಂಥ ಪ್ರೋಟೋಕಾಲ್‌ಗಳು (ಸಂವಹನ ನಿಯಮಾವಳಿಗಳು) ಹಲವು ದಾರಿಗಳ ಬಲೆ ಹೆಣೆದು ನಷ್ಟವನ್ನು ತಗ್ಗಿಸುತ್ತವೆಯೇ ಹೊರತು ತಲುಪುವ ಖಾತರಿ ಕೊಡುವುದಿಲ್ಲ. ಹಾಗೆಂದು ಎಲ್ಲರೂ ಸ್ವೀಕೃತಿ ಕಳಿಸತೊಡಗಿದರೆ, ಆ ಉತ್ತರಗಳೇ ಒಂದಕ್ಕೊಂದು ಡಿಕ್ಕಿ ಹೊಡೆದು ದತ್ತಾಂಶಕ್ಕೆ ಜಾಗವಿಲ್ಲದಂತಾಗುತ್ತದೆ.

ಕಲಬುರಗಿ ಹತ್ತಿರದ ಒಂದು ತೊಗರಿ ಹೊಲದಲ್ಲಿ ನಾನು ವಿದ್ಯಾರ್ಥಿಗಳೊಂದಿಗೆ ಹತ್ತು ನೋಡ್‌ಗಳನ್ನು ಇಟ್ಟಾಗ ಪ್ಯಾಕೆಟ್‌ಗಳು ಕಳೆದುಹೋಗುವುದನ್ನು ಕಣ್ಣಾರೆ ಕಂಡೆ. ಬಿತ್ತನೆಯ ಹೊತ್ತಿಗೆ ಸರಾಗವಾಗಿದ್ದ ಜಾಲ, ಗಿಡ ಆಳೆತ್ತರ ಬೆಳೆದು ಎಲೆಗಳ ಮೇಲೆ ಇಬ್ಬನಿ ಕೂತ ಬೆಳಗಿನಲ್ಲಿ ತಡವರಿಸುತ್ತಿತ್ತು, ಏಕೆಂದರೆ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಬದುವಿನಾಚೆ ತಗ್ಗಿನಲ್ಲಿದ್ದ ಏಳನೆಯ ನೋಡ್ ಅಂತೂ ಪದೇ ಪದೇ ಹಿಂದೆ ಬೀಳುತ್ತಿತ್ತು.

ನನ್ನ ಸಲಹೆಯೆಂದರೆ, ಪಡೆದವರು ಸುಮ್ಮನಿರಲಿ, ಕಳೆದುಕೊಂಡವರು ಮಾತ್ರ ಕೇಳಲಿ. ಪ್ಯಾಕೆಟ್‌ಗಳಿಗೆ ಕ್ರಮಸಂಖ್ಯೆ ಕೊಟ್ಟರೆ ನಡುವೆ ಬಿಟ್ಟುಹೋದದ್ದು ನೋಡ್‌ಗೆ ತಾನಾಗಿ ತಿಳಿಯುತ್ತದೆ; ಅದು ಯಾದೃಚ್ಛಿಕವಾಗಿ ಸ್ವಲ್ಪ ಹೊತ್ತು ಕಾದು, ಅಷ್ಟರಲ್ಲಿ ಅದೇ ಪ್ಯಾಕೆಟ್ಟನ್ನು ಬೇರೆಯವರು ಕೇಳಿದ್ದು ಕಿವಿಗೆ ಬಿದ್ದರೆ ತಾನು ಸುಮ್ಮನಾಗಬೇಕು. 2009ರ ಅಂತರ್ಜಾಲ ಮಾನದಂಡ ದಾಖಲೆ ಆರ್‌ಎಫ್‌ಸಿ 5740ರಲ್ಲಿ ವಿವರಿಸಿರುವ ನಾರ್ಮ್ ಪ್ರೋಟೋಕಾಲ್ ಇದೇ ತತ್ತ್ವದ ಮೇಲೆ ನಿಂತಿದೆ. ಅಡ್ ಹಾಕ್ ಜಾಲದಲ್ಲಾದರೆ ಕೋರಿಕೆ ಮೂಲದವರೆಗೂ ಹೋಗಬೇಕಿಲ್ಲ, ಆ ಪ್ಯಾಕೆಟ್ಟಿನ ನಕಲು ಇಟ್ಟುಕೊಂಡ ನೆರೆಯ ನೋಡೇ ಕೊಡಬಹುದು. ಏಳನೆಯ ನೋಡಿನ ತೊಂದರೆ ನೀಗಿದ್ದು ಹೀಗೆಯೇ.

ಇದರ ಜೊತೆಗೆ ಎಂಟು ಪ್ಯಾಕೆಟ್‌ಗಳಿಗೊಂದು ಎಕ್ಸ್‌ಒಆರ್ (XOR) ಪ್ಯಾಕೆಟ್, ಅಂದರೆ ಆ ಎಂಟರ ಬಿಟ್‌ಗಳನ್ನು ಬೆರೆಸಿ ಮಾಡಿದ ಪ್ಯಾಕೆಟ್, ಕಳಿಸಿ; ಉಳಿದ ಏಳು ಕೈಯಲ್ಲಿದ್ದರೆ ತಪ್ಪಿದ ಒಂದನ್ನು ಅದರಿಂದ ಲೆಕ್ಕಹಾಕಬಹುದು. ಒಬ್ಬರಿಗೆ ಮೂರನೆಯದು, ಇನ್ನೊಬ್ಬರಿಗೆ ಆರನೆಯದು ತಪ್ಪಿದ್ದರೂ ಆ ಒಂದರಿಂದಲೇ ಇಬ್ಬರದೂ ಸರಿಹೋಗುತ್ತದೆ. ಗುಂಪು ರವಾನೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಗುಣವಿದು.

ಒಂದು ಎಚ್ಚರಿಕೆ: ಕೊನೆಯ ಪ್ಯಾಕೆಟ್ಟೇ ಕಳೆದುಹೋದರೆ, ಅದರ ನಂತರ ಬರುವುದೇನೂ ಇಲ್ಲದ್ದರಿಂದ, ಲೋಪ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಕಳಿಸುವ ನೋಡ್ ಕೆಲಸ ಮುಗಿದ ಮೇಲೂ ತನ್ನ ಕೊನೆಯ ಕ್ರಮಸಂಖ್ಯೆಯನ್ನು ಆಗಾಗ ಸಾರುತ್ತಿರಬೇಕು.