42 ಬಂದರೆ ಪಾಸಲ್ಲವೇ?

ಮಲಗುವಾಗ ಹಾಕಿಕೊಳ್ಳುವ ಉಸಿರಿನ ಯಂತ್ರ ಬೇಡವೆನ್ನುವವರು ತಿಂಗಳಿಗೊಬ್ಬರಾದರೂ ಬರುತ್ತಾರೆ. ಅವರಲ್ಲಿ ಈ ಒಬ್ಬರ ವಿಷಯ ಬರೆಯುತ್ತಿರುವುದು ಒಂದು ಅಂಕಿಯ ದೆಸೆಯಿಂದ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಐವತ್ತು ದಾಟಿದ ಲಾರಿ ಚಾಲಕರು, ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ 36, ಅಂದರೆ ಬೊಜ್ಜು. ಮೂರು ಮಾತ್ರೆಗೂ ಬಿಪಿ ಬಗ್ಗದಿದ್ದಾಗ ವೈದ್ಯರು ನಿದ್ದೆಯ ಪರೀಕ್ಷೆ ಮಾಡಿಸಿದ್ದರು. ಬಂದ ಫಲಿತಾಂಶ: ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ. ಅದು ಎಷ್ಟಿದೆ ಎಂದು ಹೇಳುವ ಅಂಕಿ, ಎಎಚ್‌ಐ, 42. ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬೇಡವೆಂದು ಹಟ ಹಿಡಿದದ್ದಕ್ಕೆ ನನ್ನಲ್ಲಿಗೆ ಕಳಿಸಿದ್ದರು.

ಎರಡನೇ ಭೇಟಿಯಲ್ಲಿ, "ಈ 42 ಅಂದ್ರೆ ಏನು ಅಂತ ತಿಳ್ಕೊಂಡಿದ್ದೀರಿ?" ಎಂದೆ.

"ನೂರಕ್ಕೆ ನಲವತ್ತೆರಡು. ಮೂವತ್ತೈದು ಬಂದ್ರೆ ಪಾಸಲ್ವಾ ಮೇಡಂ? ಸುಮ್ನೆ ಮಷೀನ್ ಮಾರೋಕೆ ನೋಡ್ತಾರೆ."

ನಗು ಬರಲಿಲ್ಲ. ಇಂಗ್ಲಿಷ್ ವರದಿ ಕೈಗಿಟ್ಟು ಸುಮ್ಮನಾದವರು ನಾವೇ ತಾನೆ!

ಗೋಡೆ ಗಡಿಯಾರ ತೋರಿಸಿದೆ. ಒಂದು ಗಂಟೆ ನಿದ್ದೆಯಲ್ಲಿ 42 ಸಲ ಉಸಿರು ನಿಲ್ಲುತ್ತದೆ, ಇಲ್ಲವೇ ಅರೆಬರೆಯಾಗುತ್ತದೆ. ಪ್ರತಿ ಸಲವೂ ಕನಿಷ್ಠ 10 ಸೆಕೆಂಡು. ಐದರೊಳಗಿದ್ದರೆ ಸರಿ, 30 ದಾಟಿದರೆ ತೀವ್ರ. ನಾಲಿಗೆ, ಗಂಟಲ ಸುತ್ತ ಸೇರಿದ ಕೊಬ್ಬು ಮಲಗಿದಾಗ ಉಸಿರಿನ ದಾರಿ ಒತ್ತುತ್ತದೆ. ಆಮ್ಲಜನಕ ಇಳಿಯುತ್ತದೆ, ಮಿದುಳು ತಟ್ಟಿ ಎಬ್ಬಿಸುತ್ತದೆ, ಎದ್ದಮೇಲೆ ಒಂದೂ ನೆನಪಿರುವುದಿಲ್ಲ.

ಅಲ್ಲಿಯವರೆಗೆ ಬಾಯಿ ಬಿಡದ ಹೆಂಡತಿ ಮೆಲ್ಲಗೆ ಹೇಳಿದರು: "ಗೊರಕೆಗೆ ನಂಗೆ ಎಚ್ಚರ ಆಗಲ್ಲ. ಗೊರಕೆ ನಿಂತ್ರೆ ಆಗುತ್ತೆ. ಎದೆ ಮೇಲೆ ಕೈ ಇಟ್ಟು ನೋಡ್ತೀನಿ."

"ಯಾವಾಗಿಂದ?"

"ಮಗಳ ಮದುವೆಗೂ ಮುಂಚಿಂದ."

ಗೊರಕೆಯೆಂದರೆ ಗಡದ್ದು ನಿದ್ದೆ ಎಂದು ನಂಬಿದ್ದ ಮನುಷ್ಯ ಆಕೆಯ ಮುಖವನ್ನೇ ನೋಡುತ್ತ ಕುಳಿತರು. ನಾನು ಮಾತು ಸೇರಿಸಲಿಲ್ಲ.

ಆಮೇಲೆ ಹೇಳಿದ್ದಿಷ್ಟು: ಯಂತ್ರ ಹಾಕಿಕೊಂಡು ತೂಕಡಿಕೆ ಹೋಗಿದೆ ಎಂದು ವೈದ್ಯರು ಒಪ್ಪುವ ತನಕ ಸ್ಟಿಯರಿಂಗ್ ಮುಟ್ಟಬೇಡಿ. ಮಲಗುವ ಮುಂಚಿನ ಪೆಗ್ಗು, ತಾವೇ ಕೊಂಡು ನುಂಗುವ ನಿದ್ದೆ ಮಾತ್ರೆ ಎರಡೂ ಬೇಡ, ಗಂಟಲು ಇನ್ನಷ್ಟು ಸಡಿಲವಾಗುತ್ತದೆ. ತೂಕದ ವಿಷಯ ಕೊನೆಗೆ ತೆಗೆದೆ.

ಬೊಜ್ಜೇ ಮೂಲವಾಗಿರುವಾಗ ಅದನ್ನು ಕೊನೆಗಿಟ್ಟದ್ದೇಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ತೂಕ ಇಳಿದರೆ ಅಪ್ನಿಯಾ ತಗ್ಗುವುದು ನಿಜ. ಅದಕ್ಕೆ ತಿಂಗಳುಗಳು ಬೇಕು. ಉಸಿರು ನಿಲ್ಲುವುದು ಇವತ್ತೇ. ಮೇಲಾಗಿ "ಮೊದಲು ಹೊಟ್ಟೆ ಇಳಿಸಿ" ಎಂದದ್ದಕ್ಕೇ ಅವರು ಎರಡು ಕ್ಲಿನಿಕ್ ಬಿಟ್ಟು ಬಂದಿದ್ದರು. ನಾನೂ ಅದನ್ನೇ ಅಂದಿದ್ದರೆ ಮೂರನೆಯದಾಗುತ್ತಿತ್ತು.

ಓದುಗರಲ್ಲಿ ಒಂದೇ ಕೋರಿಕೆ. ವರದಿ ಕೈಗೆ ಬಂದಾಗ "ಈ ಅಂಕಿ ಹೆಚ್ಚಿದ್ರೆ ಒಳ್ಳೇದಾ, ಕೆಟ್ಟದ್ದಾ?" ಎಂದು ನಾಚದೆ ಕೇಳಿ.

ಅವರೀಗ ಯಂತ್ರ ಹಾಕಿ ಮಲಗುತ್ತಾರೆ. ಊರ ಜಾತ್ರೆಗೆ ಹೋದಾಗ ಮಾತ್ರ ಅದು ಬೀರುವಿನಲ್ಲೇ ಉಳಿಯುತ್ತದಂತೆ. ನೆಂಟರ ನಡುವೆ ಮೂತಿಗೆ ಮಾಸ್ಕ್ ಕಟ್ಟಿಕೊಂಡು ಮಲಗೋದು ಹೇಗೆ ಅನ್ನುತ್ತಾರೆ. ಆ ಮಾತಿನ್ನೂ ಬಗೆಹರಿದಿಲ್ಲ.