ಮರದ ವಿಮಾನದಲ್ಲಿ ಹಳತೆಷ್ಟು, ಹೊಸತೆಷ್ಟು?

ಮಾನ್ಯರೇ,

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನು ಮರದಿಂದ ಕಟ್ಟಿದ ಮಸ್ಕಿಟೋ ಯುದ್ಧವಿಮಾನಗಳ ಪುನರುಜ್ಜೀವನ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಮರವನ್ನೆಲ್ಲ ಹೊಸದಾಗಿ ಕಟ್ಟಿದ ಮೇಲೆ ಅದನ್ನು ಜೀರ್ಣೋದ್ಧಾರವೆನ್ನದೆ ನಕಲೆನ್ನುವುದೇ ಪ್ರಾಮಾಣಿಕವಲ್ಲವೇ ಎಂಬುದು ಒಂದು; ಲೋಹದ ಅಭಾವದಿಂದ ಹುಟ್ಟಿ, ನಮ್ಮ ಮಳೆಗೆ ಅಂಟು ಬಿಟ್ಟ ವಿಮಾನದ ಮೇಲೆ ಇಷ್ಟು ಅಭಿಮಾನವೇಕೆ ಎಂಬುದು ಇನ್ನೊಂದು. ಎರಡನೆಯದರಿಂದಲೇ ಆರಂಭಿಸುತ್ತೇನೆ.

ಲೋಹವನ್ನು ಉಳಿಸುವ ಉದ್ದೇಶವಿದ್ದದ್ದು ನಿಜ. ಪೀಠೋಪಕರಣದ ಬಡಗಿಗಳ ಕೈಚಳಕ ಯುದ್ಧಕ್ಕೆ ಒದಗಿದ್ದೂ ನಿಜ. ಆದರೆ ಮಸ್ಕಿಟೋವನ್ನು ರೂಪಿಸಿದ ಡಿ ಹ್ಯಾವಿಲೆಂಡ್ ಕಂಪನಿ ಮರವನ್ನು ಹಿಡಿದದ್ದು ಗತಿಯಿಲ್ಲದೆ ಅಲ್ಲ. 1934ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ನಡೆದ ವಿಮಾನ ಸ್ಪರ್ಧೆಯನ್ನು ಗೆದ್ದ ಅದರ ಕಾಮೆಟ್ ಮರದ್ದೇ ಆಗಿತ್ತು. ಬರ್ಚ್ ಪ್ಲೈವುಡ್ಡಿನ ಎರಡು ತೆಳು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು, ಒಡಲನ್ನು ಎಡ ಬಲ ಎರಡು ಹೋಳುಗಳಾಗಿ ಅಚ್ಚಿನ ಮೇಲೆ ಬಾಗಿಸಿ, ಒಳಗಿನ ತಂತಿ ಕೊಳವೆಗಳನ್ನು ಬಹುಮಟ್ಟಿಗೆ ಜೋಡಿಸಿದ ಮೇಲೆ ಎರಡನ್ನೂ ಅಂಟಿಸಿ ಒಂದಾಗಿಸುತ್ತಿದ್ದರು. ಹೊರಮೈಗೆ ಮಡಪೊಲಂ ಎಂಬ ಹತ್ತಿಬಟ್ಟೆಯ ಹೊದಿಕೆ. ಆ ಬಟ್ಟೆ ಆಂಧ್ರದ ನರಸಾಪುರದ ಬಳಿಯ ಊರೊಂದರ ಹೆಸರನ್ನು ಹೊತ್ತಿದೆ. ರಿವೆಟ್ಟುಗಳಿಲ್ಲದ ಈ ನುಣುಪು ಮೈ ಮತ್ತು ಎರಡು ಮರ್ಲಿನ್ ಎಂಜಿನ್ನುಗಳ ಬಲದಿಂದ ಮೊದಲ ಮಾದರಿಯೇ 1941ರ ಪರೀಕ್ಷೆಗಳಲ್ಲಿ ಗಂಟೆಗೆ ಸುಮಾರು 388 ಮೈಲಿ ವೇಗ ಮುಟ್ಟಿ, ಬ್ರಿಟನ್ನಿನದೇ ಯುದ್ಧವಿಮಾನವಾದ ಆಗಿನ ಸ್ಪಿಟ್‌ಫೈರನ್ನು ಹಿಂದಿಕ್ಕಿತು. ಒಟ್ಟು 7,781 ಮಸ್ಕಿಟೋಗಳು ತಯಾರಾದವು. ಅಭಾವದ ಕೂಸನ್ನು ಯಾರೂ ಇಷ್ಟು ಸಂಖ್ಯೆಯಲ್ಲಿ ಕಟ್ಟುವುದಿಲ್ಲ.

ಅಂಟಿನ ಮಾತು ನಮ್ಮ ನೆಲಕ್ಕೂ ಸೇರಿದ್ದು. 1944ರ ಆರಂಭದಲ್ಲಿ ಬ್ರಿಟಿಷ್ ವಾಯುಪಡೆಯ 45ನೇ ಸ್ಕ್ವಾಡ್ರನ್ ಮಸ್ಕಿಟೋಗಳನ್ನು ಪಡೆದು ಪಳಗಿದ್ದು ಯಲಹಂಕದಲ್ಲಿ. ಅದೇ ವರ್ಷ ಭಾರತದಲ್ಲಿದ್ದ ಹಲವು ವಿಮಾನಗಳ ರೆಕ್ಕೆಯ ಮೇಲ್ಹೊದಿಕೆಯು ತೊಲೆಯಿಂದ ಬಿಡಿಸಿಕೊಂಡಿತು, ಜೀವಗಳೂ ಹೋದವು, ನವೆಂಬರಿನಲ್ಲಿ ಹಾರಾಟವನ್ನೇ ನಿಲ್ಲಿಸಬೇಕಾಯಿತು. ಎಲ್ಲರೂ ಮೊದಲು ದೂರಿದ್ದು ಬಿಸಿಲು ಮಳೆಯನ್ನೇ. ಆದರೆ ಬ್ರಿಟನ್ನನ್ನು ಬಿಟ್ಟು ಕದಲದ ವಿಮಾನಗಳಲ್ಲೂ ಅದೇ ದೋಷ ಸಿಕ್ಕಿತು: ಕಾರ್ಖಾನೆಯಲ್ಲಿ ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರದೆ, ಅಂಟು ಹಿಡಿಯಬೇಕಾದಲ್ಲಿ ಹಿಡಿದಿರಲಿಲ್ಲ. ಆದ್ದರಿಂದ ನಮ್ಮ ಹವೆಯೊಂದರ ತಲೆಗೇ ಈ ತಪ್ಪನ್ನು ಕಟ್ಟುವ ತಮ್ಮ ಮಾತನ್ನು ನಾನು ಒಪ್ಪಲಾರೆ.

ಇನ್ನು ನಕಲಿನ ಪ್ರಶ್ನೆ. ಕೆನಡಾದಲ್ಲಿ ತಯಾರಾದ ಕೆಎ 114 ಎಂಬ ಮಸ್ಕಿಟೋ ಯುದ್ಧಾನಂತರ ಆಲ್ಬರ್ಟ ಪ್ರಾಂತದ ಹೊಲವೊಂದರಲ್ಲಿ ದಶಕಗಳ ಕಾಲ ಬಿದ್ದು ಕೊಳೆಯಿತು. ನ್ಯೂಜಿಲೆಂಡಿನಲ್ಲಿ ಗ್ಲಿನ್ ಪೊವೆಲ್ ಎಂಬವರು ವರ್ಷಗಟ್ಟಲೆ ಶ್ರಮಿಸಿ ಒಡಲಿನ ಅಚ್ಚುಗಳನ್ನು ಮತ್ತೆ ನಿರ್ಮಿಸಿದ್ದರಿಂದಲೇ ಅದಕ್ಕೆ ಹೊಸ ಮೈ ಬಂದು, 2012ರ ಸೆಪ್ಟೆಂಬರಿನಲ್ಲಿ ಆಕ್ಲೆಂಡ್ ಸಮೀಪದ ಆರ್ಡ್‌ಮೋರ್‌ನಿಂದ ಅದು ಹಾರಿತು. ಬ್ರಿಟನ್ನಿನಲ್ಲಿ ಹಾರುತ್ತಿದ್ದ ಕೊನೆಯ ಮಸ್ಕಿಟೋ 1996ರಲ್ಲಿ ಅಪಘಾತಕ್ಕೀಡಾಗಿ ಅದರಲ್ಲಿದ್ದ ಇಬ್ಬರೂ ಮಡಿದಿದ್ದರೆಂಬುದನ್ನು ನೆನೆದರೆ ಅಭಿಮಾನಿಗಳ ಸಂಭ್ರಮ ಅರ್ಥವಾಗುತ್ತದೆ. ಲೋಹದ ಭಾಗಗಳನ್ನು ಶುದ್ಧಿಮಾಡಿ ಮರಳಿ ಬಳಸಬಹುದು. ಮುದಿಯಾದ ಅಂಟಿನ ಮೇಲೆ ಯಾವ ಪೈಲಟ್ಟೂ ಜೀವವಿಡಲಾರ. ಊರ ತೇರಿನ ಗಾಲಿ, ತೊಲೆಗಳನ್ನು ಕಾಲಕಾಲಕ್ಕೆ ಬದಲಿಸಿದರೂ ತೇರು ಅದೇ ಎನ್ನುತ್ತೇವೆ. ಆದರೆ ತೇರಿನ ಮರ ತಲೆಮಾರುಗಳಲ್ಲಿ ಬಿಡಿಬಿಡಿಯಾಗಿ ಬದಲಾಗುತ್ತದೆ, ಇಲ್ಲಿ ಒಂದೇ ಸಲಕ್ಕೆ ಬದಲಾಗಿದೆ. ಆ ಮಟ್ಟಿಗೆ ತಮ್ಮ ಆಕ್ಷೇಪದಲ್ಲಿ ಹುರುಳಿದೆ.

ಹಾಗಾದರೆ ‘ಅಸಲು’ ಎಲ್ಲಿದೆ? ಹರ್ಟ್‌ಫರ್ಡ್‌ಶೈರಿನ ಸಾಲ್ಸ್‌ಬರಿ ಹಾಲ್‌ನ ಸಂಗ್ರಹಾಲಯದಲ್ಲಿ, 1940ರ ನವೆಂಬರ್ 25ರಂದು ಮೊದಲು ಹಾರಿದ ಮಾದರಿ ಡಬ್ಲ್ಯು 4050 ಇದೆ. ಅದೂ ಹುಟ್ಟಿದ ಮೈಯಲ್ಲಿಲ್ಲ. 1941ರಲ್ಲಿ ವಿಮಾನಗಳನ್ನು ಪರೀಕ್ಷಿಸುವ ನೆಲೆಯಾದ ಬಾಸ್ಕೂಂಬ್ ಡೌನ್‌ನ ಒರಟು ನೆಲದಲ್ಲಿ ಬಾಲದ ಗಾಲಿ ಸಿಕ್ಕಿಕೊಂಡು ಒಡಲು ಬಿರಿದಾಗ, ಡಬ್ಲ್ಯು 4051 ಎಂಬ ಇನ್ನೊಂದು ಮಸ್ಕಿಟೋಗೆಂದು ಕಟ್ಟಿದ್ದ ಒಡಲನ್ನು ಅದಕ್ಕೆ ತೊಡಿಸಲಾಯಿತು. ಆದರೂ ಅದರ ಅಂಟು, ಮರ, ತೇಪೆಗಳೆಲ್ಲ ಯುದ್ಧಕಾಲದ ಕೈಗಳ ದಾಖಲೆ; ಅದನ್ನು ಹಾರಿಸಹೊರಟರೆ ಆ ದಾಖಲೆ ಅಳಿಸಿಹೋಗುತ್ತದೆ. ಅದು ನೆಲದ ಮೇಲೇ ಇರಲಿ, ಹೊಲದಲ್ಲಿ ಕೊಳೆತದ್ದು ಹೊಸ ಮರ ತೊಟ್ಟು ಹಾರಲಿ ಎಂಬುದು ನನ್ನ ನಿಲುವು. ಅಚ್ಚು ಮಾಡುವ, ಬಾಲ್ಸಾ ಬಾಗಿಸುವ ವಿದ್ಯೆ ಸಂಗ್ರಹಾಲಯದ ಗಾಜಿನ ಹಿಂದೆ ಉಳಿಯುವಂಥದ್ದಲ್ಲ.

ಹಾರುವ ವಿಮಾನದ ಪಕ್ಕದಲ್ಲಿ ಯಾವ ಭಾಗ ಯಾವ ಕಾಲದ್ದೆಂದು ಬರೆದಿರಬೇಕೆಂಬ ತಮ್ಮ ಸಲಹೆಗೆ ನನ್ನ ಪೂರ್ಣ ಸಮ್ಮತಿಯಿದೆ. ಇಂಥ ಲೇಖನಗಳಲ್ಲಿ ಆ ವಿವರವನ್ನು ಕೊಡುವಂತೆ ನಮ್ಮ ಲೇಖಕರನ್ನು ಕೋರುತ್ತೇನೆ.

— ಸಂಪಾದಕ